ಹತ್ತು ಟಿಕ್ಕಿಗೂ ನಿಲ್ಲದ ಕಾರು

ಕಳೆದ ಭಾನುವಾರ ಬೆಳಿಗ್ಗೆ ನನ್ನ ಕಾರು ನನ್ನನ್ನು ಕೇಳದೆ ಹೊರಟಿತು.

ದೂರವೇನೂ ಹೋಗಲಿಲ್ಲ. ತಿಪಟೂರಿನ ನಮ್ಮ ಮನೆಯ ಮುಂದಿನ ರಸ್ತೆ ಸ್ವಲ್ಪ ಇಳಿಜಾರು. ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆಫ್ ಮಾಡಿ, ತರಕಾರಿ ಚೀಲ ಹಿಡಿದು ಗೇಟು ತೆಗೆಯುತ್ತಿದ್ದೆ. ಬೆನ್ನ ಹಿಂದೆ ಜಲ್ಲಿ ಕರಕರ ಅಂದಿತು. ತಿರುಗಿ ನೋಡಿದರೆ ಕಾರು ಬೇಜಾರು ಮಾಡಿಕೊಂಡು ಎದ್ದು ಹೋಗುವ ನೆಂಟರ ಹಾಗೆ ನಿಧಾನವಾಗಿ ಹಿಂದಕ್ಕೆ ಸರಿಯುತ್ತಿದೆ. ನಾನು ಚೀಲ ಬಿಸಾಕಿ ಓಡುವಷ್ಟರಲ್ಲಿ ಎದುರು ಮನೆಯ ಮಲ್ಲಿಕಣ್ಣ ಹಂಡೆ ಒಲೆಗೆಂದು ರಾಶಿ ಹಾಕಿದ್ದ ತೆಂಗಿನ ಮಟ್ಟೆಗೆ ಹೋಗಿ ಒರಗಿಕೊಂಡಿತು.

ಮಲ್ಲಿಕಣ್ಣ ಹೊರಗೆ ಬಂದು ಕಾರನ್ನೂ ನನ್ನನ್ನೂ ನೋಡಿದ. "ಮೇಡಮ್ಮೋರೇ, ಮಟ್ಟೆ ಬೇಕಿದ್ರೆ ಕೇಳ್ಬೋದಿತ್ತು ಕಣ್ರೀ. ಕಾರ್ ಕಳ್ಸ್‌ಬೇಕಿತ್ತಾ?"

ನಗು ಬರಲಿಲ್ಲ. ಐದು ನಿಮಿಷದ ಹಿಂದೆ ಅದೇ ಜಾಗದಲ್ಲಿ ಅವನ ಮೊಮ್ಮಗಳು ಕೂತು ಮಣ್ಣಾಡುತ್ತಿದ್ದಳು. (ಗೇರಿನಲ್ಲಿ ಹಾಕಿ ನಿಲ್ಲಿಸಬೇಕಿತ್ತು ಅನ್ನುತ್ತೀರಾ? ಗೊತ್ತು. ಮರೆತಿದ್ದೆ.)

ಕಾರನ್ನು ಕಾಂಪೌಂಡಿನ ಒಳಗೆ, ಸಮತಟ್ಟು ಜಾಗಕ್ಕೆ ತಂದು ನಿಲ್ಲಿಸಿ ಹ್ಯಾಂಡ್‌ಬ್ರೇಕಿನ ಹಿಡಿಯನ್ನು ಮತ್ತೆ ಎಳೆದು, ಅದು ಮಾಡುವ ಟಿಕ್ ಟಿಕ್ ಸದ್ದು ಎಣಿಸಿದೆ. ಆರೇಳು ಟಿಕ್ಕಿಗೆ ಹಿಡಿಯಬೇಕಾದದ್ದು. ಹತ್ತು ಟಿಕ್ ಆದರೂ ತಳ್ಳಿದರೆ ಕಾರು ಅಲ್ಲಾಡುತ್ತಿತ್ತು. ಸರ್ವೀಸ್‌ನವರಿಗೆ ಫೋನ್ ಮಾಡಿದೆ. ಮುಂದಿನ ಗುರುವಾರ ತನ್ನಿ ಅಂದರು. ಅಲ್ಲಿಯ ತನಕ? "ಓಡಿಸಬೇಡ, ಬಸ್ಸಲ್ಲಿ ಹೋಗು," ಅಂದರು ನಮ್ಮ ಮನೆಯವರು ಪೇಪರಿನ ಹಿಂದಿನಿಂದ.

ನನಗೆ ಹಟ ಬಂತು. ನಮ್ಮಪ್ಪ ಮನೆಯಲ್ಲೇ ಮಾಡುತ್ತಿದ್ದ ಕೆಲಸ. ನಾನು ಅವರ ಮಗಳಲ್ಲವೇ?

ನಮ್ಮಪ್ಪನ ಕಾರಿನ ಕಥೆ ಸ್ವಲ್ಪ ಹೇಳಬೇಕು. ದಬ್ಬೇಘಟ್ಟದ ಹತ್ತಿರ ನಮ್ಮೂರು. ಅಪ್ಪ ಕೊಬ್ಬರಿ ವ್ಯಾಪಾರಿ. ಯಾರೋ ಓಡಿಸಿ ಬಿಟ್ಟ ದುಂಡು ಮೂತಿಯ ಬಿಳಿ ಕಾರೊಂದನ್ನು ಕೊಂಡು ತಂದಿದ್ದರು. ಸೀಟಿಗೆಲ್ಲ ಕೊಬ್ಬರಿಯ ಜಿಡ್ಡು ವಾಸನೆ. ಹಾರನ್ ಚೆನ್ನಾಗಿತ್ತು, ಹ್ಯಾಂಡ್‌ಬ್ರೇಕ್ ಮಾತ್ರ ಹೆಸರಿಗೆ. ಹಾಗಾಗಿ ಅಮ್ಮನ ಕಾಲ ಬುಡದಲ್ಲಿ ಹಳೇ ಪಂಚೆಯಲ್ಲಿ ಸುತ್ತಿದ ಒಂದು ಕಲ್ಲು ಸದಾ ಇರುತ್ತಿತ್ತು. ಎಲ್ಲಿ ಏರು ಬಂದು ಕಾರು ನಿಂತರೂ ಮೊದಲು ಇಳಿಯುವವರು ಅಮ್ಮ. ರೇಷ್ಮೆ ಸೀರೆ, ಮುಡಿ ತುಂಬ ಹೂವು, ಎರಡೂ ಕೈಯಲ್ಲಿ ಕಲ್ಲು. ಚಕ್ರಕ್ಕೆ ಅದನ್ನು ಕೊಟ್ಟು "ಹೂಂ" ಅಂದ ಮೇಲೆಯೇ ಅಪ್ಪ ಬ್ರೇಕಿನಿಂದ ಕಾಲು ತೆಗೆಯುತ್ತಿದ್ದುದು. ಮದುವೆ ಮನೆಗಳಲ್ಲಿ ಜನ ನಗುತ್ತಿದ್ದರು. ಅಮ್ಮ ಕೈ ಕೊಡವಿಕೊಂಡು ಒಳಗೆ ಹೋಗುತ್ತಿದ್ದರು.

ಒಂದು ಸಲ ಮಾತ್ರ ಲೆಕ್ಕ ತಪ್ಪಿತು. ಅರಳಗುಪ್ಪೆಯ ಅತ್ತೆ ಮನೆಗೆ ಹೊರಟಿದ್ದೆವು. ದಾರಿಯಲ್ಲೊಂದು ಕೆರೆ. ಏರಿಗೆ ಹತ್ತುವ ಕಡೆ ಗುರುತಿನವರು ಕೈ ಅಡ್ಡ ಹಿಡಿದರು. ಅಪ್ಪ ನಿಲ್ಲಿಸಿದರು. ಅಮ್ಮ ಇಳಿಯುವಾಗ ಸೆರಗು ಬಾಗಿಲಿಗೆ ಸಿಕ್ಕಿತು. ಅಮ್ಮ ಕಲ್ಲು ಕೊಟ್ಟಾಯಿತು ಅಂದುಕೊಂಡು, 'ಹೂಂ' ಕೇಳುವ ಮೊದಲೇ ಅಪ್ಪನೂ ಇಳಿದರು. ಹಿಂದಿನ ಸೀಟಿನಲ್ಲಿ ನಾನು, ನನ್ನ ತಮ್ಮ. ಕಾರು ಹಿಂದಕ್ಕೆ ಜಾರತೊಡಗಿತು. ತಮ್ಮ ಆಟ ಅಂದುಕೊಂಡು ಚಪ್ಪಾಳೆ ತಟ್ಟಿದ. ನನಗೆ ಹಿಂದಿನ ಗಾಜಿನಲ್ಲಿ ನೀರು ಕಾಣುತ್ತಿತ್ತು.

ಅಪ್ಪ ಬಾಗಿಲು ಹಿಡಿದು ಎಳೆಯುತ್ತ ಓಡಿದರು. ಕಾರು ಮನುಷ್ಯರ ಮಾತು ಕೇಳುತ್ತದೆಯೇ? ಅಮ್ಮ ಸೆರಗು ಹರಿದುಕೊಂಡು ಬಂದು ಕಲ್ಲನ್ನು ಚಕ್ರದಡಿಗೆ ತಳ್ಳಿದರು. ಅದು ಪಕ್ಕಕ್ಕೆ ಸಿಡಿಯಿತು. ಮತ್ತೆ ಹಿಡಿದು ತಳ್ಳಿದರು. ಆ ಸಲ ನಿಂತಿತು. ಅಮ್ಮನ ಬಲಗೈ ಹೆಬ್ಬೆರಳು ಜಜ್ಜಿ ಹೋಗಿತ್ತು. ಅಪ್ಪ ನಮ್ಮಿಬ್ಬರನ್ನೂ ಇಳಿಸಿ, ಏರಿ ಮೇಲೆ ಕೂತುಬಿಟ್ಟರು. ಅವತ್ತು ಅತ್ತೆ ಮನೆಗೆ ಬಸ್ಸಿನಲ್ಲಿ ಹೋದೆವು. ಒಂದು ವಾರ ಅಪ್ಪ ಕಾರು ಮುಟ್ಟಲಿಲ್ಲ.

ಆಮೇಲೆ ಹ್ಯಾಂಡ್‌ಬ್ರೇಕ್ ಸರಿಯಾಯಿತು. ಮತ್ತೆ ಯಾವತ್ತೂ ಕೈಕೊಡಲಿಲ್ಲ. ತುರುವೇಕೆರೆಯ ಮೆಕ್ಯಾನಿಕ್ ಗಫಾರ್ ಸಾಬರು ಒಮ್ಮೆ ಬಂದು ತೋರಿಸಿಕೊಟ್ಟರೆಂದೂ, ಅಲ್ಲಿಂದ ಮುಂದೆ ಅಪ್ಪನೇ ಬಿಗಿ ಮಾಡಿಕೊಳ್ಳುತ್ತಿದ್ದರೆಂದೂ ನಂಬಿಕೊಂಡೇ ನಾನು ಬೆಳೆದೆ. ಈ ಅಂಕಣದಲ್ಲೇ ಒಮ್ಮೆ ಅಪ್ಪನ ಕೈಗುಣದ ಬಗ್ಗೆ ಬರೆದಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅಮ್ಮ ಅದನ್ನು ಎರಡು ಸಲ ಓದಿಸಿಕೊಂಡು "ಚೆನ್ನಾಗೈತೆ" ಅಂದಿದ್ದರು.

ಅಮ್ಮನಿಗೆ ಈಗ ಎಪ್ಪತ್ತೆಂಟು. ನಮ್ಮ ಜೊತೆಗೇ ಇದ್ದಾರೆ. ಭಾನುವಾರ ನಾನು ಮೊಬೈಲಿನಲ್ಲಿ ವಿಡಿಯೋ ಹಚ್ಚಿಕೊಂಡು ಕೆಲಸಕ್ಕಿಳಿದಾಗ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತ ಕೂತಿದ್ದರು.

ಮುಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟೆ. ಗೇರಿಗೆ ಹಾಕಿದೆ. ಮಲ್ಲಿಕಣ್ಣನ ಹತ್ತಿರ ಎರಡು ಕಬ್ಬಿಣದ ಸ್ಟ್ಯಾಂಡ್ ತಂದು, ಜಾಕಿನಿಂದ ಹಿಂಭಾಗ ಎತ್ತಿ, ಅವುಗಳ ಮೇಲೆ ಕೂರಿಸಿದೆ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿ, ಕಾಲಿನ ಬ್ರೇಕನ್ನು ನಾಲ್ಕಾರು ಸಲ ಒತ್ತಿದೆ. ಎರಡು ಸೀಟಿನ ನಡುವಿನ ಪ್ಲಾಸ್ಟಿಕ್ ಮುಚ್ಚಳ ಕಿತ್ತರೆ ಒಳಗೊಂದು ನಟ್. ಅದನ್ನು ತಿರುಗಿಸಿದರೆ ಹಿಂದಿನ ಚಕ್ರಗಳಿಗೆ ಹೋಗುವ ಕೇಬಲ್ ಬಿಗಿಯಾಗುತ್ತದೆ. ಇಷ್ಟೇ. ಇದಕ್ಕೆ ಗುರುವಾರದ ತನಕ ಕಾಯಬೇಕಿತ್ತೇ? ಸ್ಪ್ಯಾನರ್ ಹಾಕಿ ಖುಷಿಯಿಂದ ನಾಲ್ಕೈದು ಸುತ್ತು ತಿರುಗಿಸಿದೆ. ಹೊರಗೆ ಬಂದು ಹಿಂದಿನ ಚಕ್ರವನ್ನು ಕೈಯಿಂದ ತಿರುವಿದೆ.

"ಉಜ್ತೈತೆ," ಅಂದರು ಅಮ್ಮ, ಅವರೆಕಾಯಿಯಿಂದ ತಲೆ ಎತ್ತದೆ.

"ಏನಮ್ಮ?"

"ಚಕ್ರ ಕಣೇ. ಒಳ್ಗೆ ಉಜ್ತೈತೆ, ಕೇಳಿಸ್ತಿಲ್ವಾ? ಜಾಸ್ತಿ ಬಿಗಿ ಮಾಡ್ಬುಟ್ಟಿದ್ದೀಯ. ಹಿಂಗೇ ಓಡ್ಸಿದ್ರೆ ಕಾದು ಹೊಗೆ ಬತ್ತದೆ. ಒಂದ್ ಸುತ್ತು ಸಡ್ಲ ಮಾಡು."

ಕಿವಿ ಕೊಟ್ಟು ಕೇಳಿದೆ. ಹೌದು, ಸಣ್ಣದಾಗಿ ಸರಸರ ಸದ್ದು. ಮೊಬೈಲಿನವನು ಇದನ್ನು ಹೇಳಿರಲೇ ಇಲ್ಲ. ಒಂದು ಸುತ್ತು ಸಡಿಲ ಮಾಡಿದೆ. ಚಕ್ರ ಸಲೀಸಾಗಿ ತಿರುಗಿತು. ಹಿಡಿ ಎಳೆದೆ. ಆರನೇ ಟಿಕ್ಕಿಗೆ ಗಟ್ಟಿಯಾಯಿತು.

"ಎಡ್ಗಡೇದು ನೋಡ್ದೆ. ಬಲ್ಗಡೇದೂ ನೋಡು," ಅಂದರು ಅಮ್ಮ. "ಒಂದೇ ಹಿಡ್ದು ಇನ್ನೊಂದು ಬುಟ್ರೆ ಪ್ರಯೋಜ್ನ ಇಲ್ಲ."

ಬಲಗಡೆಯದೂ ಹಿಡಿದಿತ್ತು. ನಾನು ಸ್ಪ್ಯಾನರ್ ಕೆಳಗಿಟ್ಟೆ.

"ಇದೆಲ್ಲ ನಿಂಗೆ ಹೆಂಗೆ ಗೊತ್ತು?"

"ಎಷ್ಟ್ ಸಲ ಮಾಡಿಲ್ಲ ನಾನು."

ನಿಧಾನವಾಗಿ, ಕಾಯಿ ಸುಲಿಯುತ್ತಲೇ ಹೇಳಿದರು. ಕೆರೆ ಏರಿಯ ಘಟನೆ ಆದ ಎಂಟನೇ ದಿನ ಗಫಾರ್ ಸಾಬರಿಗೆ ಹೇಳಿ ಕಳಿಸಿದ್ದು ಅಪ್ಪ ಅಲ್ಲ, ಅಮ್ಮ.

"ಅದ್ಕೂ ಮುಂಚೆ ಸಾಬ್ರು ಬಿಗಿ ಮಾಡ್ಕೊಡೋರು, ಎರಡ್ ತಿಂಗ್ಳಿಗೆ ಮತ್ತೆ ಸಡ್ಲ ಆಗೋದು. ಪ್ರತಿ ಸಲ ತುರುವೇಕೆರೆಗೆ ಓಡಾಕಾಯ್ತದಾ? ನಂಗೇ ಕಲ್ಸ್‌ಕೊಡಿ ಅಂದೆ. ಅಮ್ಮಾ, ಕಾರ್ ಕೆಳಗೆ ನುಗ್ಬೇಕಾಯ್ತದೆ ಅಂದ್ರು. ನುಗ್ತೀನಿ ಅಂದೆ. ಗೋಣೀಚೀಲ ಹಾಸ್ಕೊಟ್ರು. ಅವ್ರು ಆ ಕಡೆಯಿಂದ ಬಗ್ಗಿ ನೋಡ್ಕಂಡು, ಎಡಕ್ಕೆ ತಿರ್ಗ್ಸಿ, ಬಲಕ್ಕೆ ತಿರ್ಗ್ಸಿ ಅಂತ ಹೇಳೋರು."

"ಅಪ್ಪ ಏನು ಮಾಡ್ತಿದ್ರು?"

"ಆ ಹೊಟ್ಟೆ ಹೊತ್ಕಂಡು ನಿಮ್ಮಪ್ಪ ಕಾರ್ ಕೆಳಗೆ ಹೋಗಾಕಾಯ್ತಿತ್ತಾ? ಬ್ಯಾಟ್ರಿ ಹಿಡ್ಕಂಡು ಕೂತಿರೋರು." (ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅಂತಲೇ ಹೆಸರು.) "ಬೆಳಕೆಲ್ಲ ನನ್ ಮುಖಕ್ಕೇ ಬುಡೋರು."

"ನಮಗೆ ಯಾಕೆ ಹೇಳ್ಲಿಲ್ಲ?"

"ನೀವು ಇಸ್ಕೂಲಿಗೆ ಹೋಗಿರ್ತಿದ್ರಿ. ಅದೂ ಅಲ್ದೆ, ಹೇಳೋದೇನೈತೆ ಅದ್ರಲ್ಲಿ? ರೊಟ್ಟಿ ತಟ್ಟಿದ್ದು ಹೇಳ್ತಿದ್ನಾ?"

ನನಗೆ ಥಟ್ಟನೆ ಕೆಲವು ಸಂಜೆಗಳು ನೆನಪಾದವು. ಸ್ಕೂಲಿನಿಂದ ಬಂದು ಅಮ್ಮನನ್ನು ತಬ್ಬಿದರೆ ಸೀಮೆಎಣ್ಣೆ ವಾಸನೆ. ಸ್ಟೌ ಹಚ್ಚಿರಬೇಕು ಅಂದುಕೊಳ್ಳುತ್ತಿದ್ದೆ. ಅದು ಕೈಯ ಗ್ರೀಸ್ ತೊಳೆದ ಸೀಮೆಎಣ್ಣೆ. ಉಗುರಿನ ಸಂದಿಯ ಕಪ್ಪನ್ನು ಬಾಣಲೆಯ ಮಸಿ ಅಂದುಕೊಂಡಿದ್ದೆ. ಕಣ್ಣೆದುರಿಗೇ ಇತ್ತಲ್ಲ ಎಲ್ಲ. ನೋಡಿದ್ದೆ, ಕೇಳಿರಲಿಲ್ಲ.

ಹಾಗಾದರೆ ಅಪ್ಪ ಸುಳ್ಳು ಹೇಳಿದರೇ? ಸ್ವಲ್ಪ ಹೊತ್ತು ಹಾಗನ್ನಿಸಿ ಸಿಟ್ಟೂ ಬಂತು. ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು, ಇನ್ನು ಕೇಳುವುದು ಯಾರನ್ನು? ಆಮೇಲೆ ಅವರ ಮಾತನ್ನೇ ನೆನಪಿಸಿಕೊಂಡೆ. ಬಂದವರು ಯಾರಾದರೂ ಹ್ಯಾಂಡ್‌ಬ್ರೇಕನ್ನು ಹೊಗಳಿದರೆ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: "ನಾವೇ ಬಿಗಿ ಮಾಡ್ಕೊಂತೀವಿ." ದೊಡ್ಡವರು ತಮ್ಮನ್ನು ತಾವು 'ನಾವು' ಅನ್ನುವುದಿಲ್ಲವೇ, ಹಾಗೆ ಅಂದುಕೊಂಡಿದ್ದೆವು ಎಲ್ಲರೂ. ಅಪ್ಪ ಒಂದು ಸಲವೂ 'ನಾನು' ಅಂದಿರಲಿಲ್ಲ. ಅವರು ನಿಜವನ್ನೇ ಹೇಳುತ್ತಿದ್ದರು. ನಾವು ಅದನ್ನು ಗತ್ತು ಅಂದುಕೊಂಡೆವು, ಅಷ್ಟೇ.

ಕಾರು ಕೆಳಗಿಳಿಸಿದೆ. ಟೆಸ್ಟ್ ಮಾಡೋಣವೆಂದು ಹೊರಟರೆ ಅಮ್ಮ ಮೊರ ಪಕ್ಕಕ್ಕಿಟ್ಟು "ಇರು, ನಾನೂ ಬತ್ತೀನಿ" ಅಂದು ಮುಂದಿನ ಸೀಟಿನಲ್ಲಿ ಬಂದು ಕೂತರು. ನಮ್ಮ ಬಡಾವಣೆಯ ಕೊನೆಯಲ್ಲಿ, ತೋಟ ಶುರುವಾಗುವ ಕಡೆ, ಒಂದು ಕಡಿದಾದ ಏರು. ಆಚೀಚೆ ಯಾರೂ ಇಲ್ಲದ್ದು ನೋಡಿ ನಡುವಿನಲ್ಲಿ ನಿಲ್ಲಿಸಿದೆ. ನ್ಯೂಟ್ರಲ್. ಹಿಡಿ ಎಳೆದೆ. ಅಮ್ಮ ಮೆಲ್ಲಗೆ ಎಣಿಸಿದರು, ಆರು. ಕಾಲು ತೆಗೆದೆ.

ಕಾರು ಅಲ್ಲಾಡಲಿಲ್ಲ.

ತೆಂಗಿನ ಗರಿಗಳ ಸದ್ದು ಬಿಟ್ಟರೆ ಬೇರೇನಿಲ್ಲ. ಅಮ್ಮ ಒಮ್ಮೆ ಹಿಂದಕ್ಕೆ ತಿರುಗಿ, ಖಾಲಿ ಸೀಟಿನ ಮೇಲಿಂದ, ಹಿಂದಿನ ಗಾಜಿನ ಕಡೆ ನೋಡಿದರು. ಮತ್ತೆ ಮುಂದಕ್ಕೆ ತಿರುಗಿ ಮಡಿಲಿನಲ್ಲಿ ಕೈ ಇಟ್ಟುಕೊಂಡರು.

"ಇಷ್ಟೆಲ್ಲ ಗೊತ್ತಿದ್ದೋಳು, ಕಾರ್ ಓಡಿಸೋದು ಯಾಕಮ್ಮ ಕಲೀಲಿಲ್ಲ?" ಅಂದೆ.

ಅಮ್ಮ ಯೋಚಿಸಲೂ ಇಲ್ಲ. "ಓಡ್ಸಾಕೆ ನಿಮ್ಮಪ್ಪ ಇದ್ರಲ್ಲ. ನಿಲ್ಸಾಕೆ ಒಬ್ರು ಬೇಕಿತ್ತು ಕಣೇ."