ಹಿಂದಿನಿಂದ ಬಂದ ದನಿ

ದೆವ್ವ, ಶಕುನ, ಸೂಚನೆ ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಗುತ್ತಿದ್ದವನು ನಾನು. ಧ್ವನಿ ವ್ಯವಸ್ಥೆಯ ಕೆಲಸ ನನ್ನದು. ಎಲ್ಲೋ ಗುಂಯ್ ಎಂದರೆ ಅದು ಕೆಟ್ಟ ವಯರು, ಪ್ರೇತವಲ್ಲ ಎಂದು ಕಲಿಸುವ ಕಸುಬು. ಹಾಗಾಗಿ ಇದನ್ನು ಬರೆಯಲು ನನಗೇ ಸಂಕೋಚ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದೆ ನಾನು ಕೆಲಸಕ್ಕಿದ್ದ ರಿಯಾದಿನ ಒಂದು ಸಭಾಂಗಣಕ್ಕೆ ಯುರೋಪಿನ ದೊಡ್ಡ ವಾದ್ಯಮೇಳ ಬಂದಿತ್ತು. ಅಂದು ಮಧ್ಯಾಹ್ನ ಅವರ ತಾಲೀಮು. ಅದೇ ಹೊತ್ತಿಗೆ ಊರಿನ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ವನಜಳಿಗೆ ಹೃದಯದ ಆಪರೇಷನ್. ಊರಿಗೆ ಹೋಗಲು ಬೇಕಾದ ಅನುಮತಿಗೆ ಕಫೀಲ್, ಅಂದರೆ ನನ್ನನ್ನು ಕರೆಸಿಕೊಂಡ ಅಲ್ಲಿಯ ಧಣಿ, ನಾಳೆ, ನಾಳೆ ಎನ್ನುತ್ತಲೇ ಇದ್ದ. ತಾಲೀಮಿನ ಜಾಗದಲ್ಲಿ ಫೋನು ಇಟ್ಟುಕೊಳ್ಳುವಂತಿಲ್ಲ. ನನ್ನದನ್ನು ವೇದಿಕೆಯ ಹಿಂದೆ ಕೆಲಸ ಮಾಡುವ ಬಂಟ್ವಾಳದ ಹಮೀದನ ಕೈಗೆ ಕೊಟ್ಟಿದ್ದೆ.

ನನ್ನ ಮುಖ ನೋಡಲಾರದೆ ಅವನು ಮಾತಿಗೆಳೆದ. "ಇವರು ಎಂತ ಬಾರಿಸುದು ಗೊತ್ತುಂಟಾ? ಗ್ರೀಕರ ಕಥೆ ಮಾರಾಯ. ಒಬ್ಬ ಸತ್ತ ಹೆಂಡತಿಯನ್ನು ಕರ್ಕೊಂಡು ಬರ್ಲಿಕ್ಕೆ ಪಾತಾಳಕ್ಕೆ ಹೋಗ್ತಾನೆ. ಇವನ ಸಂಗೀತ ಕೇಳಿ ಅಲ್ಲಿಯ ರಾಜನೇ ಕರಗಿ ಅವಳನ್ನು ಬಿಡ್ತಾನೆ. ಆದ್ರೆ ಮೇಲೆ ಬರುವವರೆಗೆ ಹಿಂದೆ ತಿರುಗಿ ನೋಡ್ಬಾರ್ದು. ಇವ ನೋಡ್ತಾನೆ, ಅವಳು ಪುನಃ ಪಾತಾಳಕ್ಕೇ ಹೋಗ್ತಾಳೆ." ಯಾರೆದುರು ಏನು ಹೇಳಿದೆನೆಂದು ಆಮೇಲೆ ಹೊಳೆದು ನಾಲಿಗೆ ಕಚ್ಚಿಕೊಂಡ.

ಹಾರ್ಪಿನ ತಂತಿಗಳಿಂದ ಕೃತಿ ಶುರುವಾಯಿತು. ಹಾಡುವವರಿಲ್ಲ, ವಾದ್ಯಗಳೇ ಕಥೆ ಹೇಳುತ್ತವೆ. ನಾನು ಸಭಾಂಗಣದ ಹಿಂಬದಿಯ ಗೋಡೆಗೆ ಬೆನ್ನು ತಾಗಿಸಿ, ಧ್ವನಿ ಮಿಕ್ಸರಿನ ಮುಂದೆ ಹೆಡ್‌ಫೋನ್ ಧರಿಸಿ ಕೂತಿದ್ದೆ. ಪಿಟೀಲುಗಳು ಮೆಲ್ಲನೆ ಮೇಲೇರುವಾಗ ಕೇಳಿತು: "ಹ್ವಾಯ್, ಇಲ್ಕಾಣಿ."

ವನಜಳ ದನಿ. ಕುಂದಾಪುರದ ಮನೆಯಲ್ಲಿ ಅಡುಗೆಮನೆಯಿಂದ 'ಇಲ್ಲಿ ನೋಡಿ' ಎಂದು ಕರೆಯುವ ಅದೇ ರೀತಿ. ಹೆಡ್‌ಫೋನಿನಲ್ಲಿ ಎಡ ಬಲ ಗೊತ್ತಾಗುತ್ತದೆ, ಹಿಂದು ಮುಂದು ಗೊತ್ತಾಗುವುದಿಲ್ಲ. ಈ ದನಿ ಮಾತ್ರ ಸ್ಪಷ್ಟವಾಗಿ ಹಿಂದಿನಿಂದ ಬಂತು. ಹೆಡ್‌ಫೋನ್ ಕಿತ್ತು ಕೆಳಗಿಟ್ಟೆ. ಆಗಲೂ ಕೇಳಿತು.

ಮೊದಲು ಸಹಜವಾಗಿ ಕರೆದಳು, ಆಮೇಲೆ ಮುನಿಸಿನಿಂದ, ಕೊನೆಗೆ ಅಳುತ್ತಾ. ನನ್ನ ಕುತ್ತಿಗೆ ತಾನಾಗಿಯೇ ತಿರುಗಲು ಹೊರಟಿತ್ತು. ಎರಡೂ ಕೈಗಳಿಂದ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಏನನ್ನೂ ನಂಬದ ನಾನು ಹಮೀದ್ ಹೇಳಿದ ಆ ಒಂದು ಷರತ್ತನ್ನು ನಂಬಿದೆ. ಕಣ್ಣಲ್ಲಿ ನೀರಿಳಿಯುತ್ತಿದ್ದರೂ ಒರೆಸಿಕೊಳ್ಳದೆ ವೇದಿಕೆಯನ್ನೇ ನೋಡುತ್ತ ಕೂತೆ. ಕೊನೆಯ ಸ್ವರ ತೀರ ಸಣ್ಣದಾಗಿ ನಿಂತಿತು. ಕರೆಯೂ ನಿಂತಿತು. ಆ ಮೌನದಲ್ಲಿ ಹೆದರಿದಷ್ಟು ನಾನು ಜೀವಮಾನದಲ್ಲಿ ಹೆದರಿಲ್ಲ.

ಹಮೀದ್ ಫೋನು ಹಿಡಿದು ಓಡಿ ಬಂದ. "ನಿನ್ನ ಭಾವ ಫೋನ್ ಮಾಡಿದ್ದು. ಆಪರೇಷನ್ ನಡುವೆ ಅವಳ ಹೃದಯ ನಿಂತೇ ಹೋಗಿತ್ತಂತೆ ಮಾರಾಯ. ಈಗ ಸರಿ ಆಯ್ತಂತೆ."

ಅಂದಿನ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿದೆ. ವಾದ್ಯಗಳ ಹೊರತು ಏನೂ ಇಲ್ಲ. ಗಾಬರಿಗೆ ಕಿವಿ ಕೈಕೊಟ್ಟಿರಬೇಕು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಹಮೀದನಿಗೂ ಹೇಳಲಿಲ್ಲ.

ಕೊನೆಗೂ ಅನುಮತಿ ಸಿಕ್ಕಿ ಊರಿಗೆ ಹೋದಾಗ ವನಜ ದಿಂಬಿಗೊರಗಿ ಕೂತಿದ್ದಳು. ನನ್ನನ್ನು ಕಂಡರೂ ಮುಖ ಅರಳಲಿಲ್ಲ.

"ಅಷ್ಟ್ ಕರ್ದೆ," ಎಂದಳು. "ಒಂದ್ ಸಲಾನೂ ತಿರ್ಗಿ ಕಾಣ್ಲಿಲ್ಲ ಅಲ್ದಾ ನೀವ್?"

ಎಲ್ಲಿ ಕರೆದೆ ಎಂದು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಅವಳ ಆ ಮುನಿಸೂ ಪೂರ್ತಿ ಇಳಿದಿಲ್ಲ.