ಪಟದಲ್ಲಿಲ್ಲದ ತಳ

ನನ್ನ ಗಂಡ ನನಗೆ ಸೋದರಮಾವ. ಮದುವೆಯಾದ ಮೇಲೂ ಮಾವ ಅಂತಲೇ ಕರೆಯುತ್ತಿದ್ದೆ, ಏಕವಚನದಲ್ಲೇ ಜಗಳವಾಡುತ್ತಿದ್ದೆ. ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ನಾನು ಮೈಸೂರು ಮೈನ್ಸ್ ಚಿನ್ನದ ಗಣಿಯ ಕೆಲಸಗಾರರ ಲೈನ್ ಮನೆಗೆ ಬಂದದ್ದು ಐವತ್ತರ ದಶಕದ ಆರಂಭದಲ್ಲಿ. ಮಾವ ಗಣಿಯೊಳಗಿನ ಬಡಗಿ; ಬಂಡೆ ಕುಸಿಯದಂತೆ ದಿಮ್ಮಿಗಳ ಆಸರೆ ಕಟ್ಟುವುದು ಅವನ ಕೆಲಸ. ಭೂಮಿಯೊಳಗೆಲ್ಲೋ ಬಂಡೆ ಸಿಡಿದರೆ ನಮ್ಮ ಗೂಡಿನ ತಟ್ಟೆಗಳು ಗಲಗಲ ಅನ್ನುತ್ತಿದ್ದವು. ಆಗ ಲೈನಿನ ಹೆಂಗಸರೆಲ್ಲ ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದೆವು. ನನಗೆ ಹೆದರಿಕೆಯಾದರೆ ಕೋಪ ಬರುತ್ತದೆ. ಅಂಥ ದಿನ ಅವನು ಕ್ಷೇಮವಾಗಿ ಮನೆಗೆ ಬಂದರೆ ಕಾಲು ತೊಳೆಯುವ ಮೊದಲೇ ಬೈಗುಳ.

ಹೀಗಿರುವಾಗ ಗಣಿಯ ಒಬ್ಬ ಇಂಗ್ಲಿಷ್ ದೊರೆ ಮಾವನಿಗೆ ಒಂದು ಕ್ಯಾಲೆಂಡರ್ ಪಟ ಕೊಟ್ಟ. ಸಮುದ್ರದ ಮೇಲೆ ಮೂರು ಕಂಬದ ಹಾಯಿಹಡಗು. ಅದರಂತೆ ಮರದಲ್ಲಿ ಒಂದು ಮಾಡಿಕೊಡಬೇಕು, ಬಂಗಲೆಯ ಪಡಸಾಲೆಯಲ್ಲಿ ಇಡುವುದಕ್ಕೆ. ಚೆನ್ನಾಗಿ ಬಂದರೆ ಮಾವನನ್ನು ನೆಲದ ಮೇಲಿನ ಬಡಗಿ ಶಾಪಿಗೆ ಹಾಕಿಸುತ್ತೇನೆ ಅಂದನಂತೆ. ಅಷ್ಟು ಹೇಳಿ ರಜೆಗೆ ಊಟಿಗೆ ಹೊರಟುಹೋದ.

ನನಗೆ ಅದು ಹಡಗಾಗಿ ಕಾಣಲೇ ಇಲ್ಲ, ಗಂಡ ಮೇಲೆ ಬರುವ ಏಣಿಯಾಗಿ ಕಂಡಿತು. ದಿನಾ ಸಂಜೆ ಅವನ ಪಕ್ಕ ದೀಪ ಇಟ್ಟು ಕೂತೆ. ಹಳೆಯ ಬಿಳಿ ಪಂಚೆ ಕತ್ತರಿಸಿ ಹಾಯಿ ಹೊಲಿದೆ, ಗಂಜಿ ಹಾಕಿ ಒಣಗಿಸಿದೆ. ಕಂಬ ಎದ್ದವು, ಹಗ್ಗ ಬಿಗಿದವು, ಕಟಕಟೆ ಕೂತಿತು. ಆಮೇಲೆ ಮಾವ ಉಳಿ ಕೆಳಗಿಟ್ಟು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ.

"ನೀರಿನ ಕೆಳಗೇನೈತೆ ಅಂತ ಪಟದಾಗೆ ಬರ್ದೇ ಇಲ್ವಲ್ಲೇ!"

ನಿಜ. ಚಿತ್ರ ಬರೆದವನು ನೀರಿನವರೆಗೆ ಬರೆದು ಕೈ ತೊಳೆದುಕೊಂಡಿದ್ದ. ನಾವೋ ಕೆರೆ ಬಿಟ್ಟು ಬೇರೆ ನೀರು ಕಂಡವರಲ್ಲ. "ಟೇಬಲ್ ಮೇಲೆ ಇಡೋ ಸಾಮಾನು, ಚಪ್ಪಟೆ ಮಾಡ್ಬಿಡು ಮಾವ, ಯಾರು ಬಗ್ಗಿ ನೋಡ್ತಾರೆ" ಅಂದೆ.

"ನಾನಿರೋದೇ ಕೆಳಗೆ. ಕೆಳಗಿನ್ದು ಯಾರೂ ನೋಡಲ್ಲ ಅಂತ ಎಂಗೆಂಗೋ ಮಾಡಿದ್ರೆ ಮೇಲಿರೋರ ಗತಿ ಏನು?" ಅಂದ. ನಾನು ಮುಖ ತಿರುಗಿಸಿದೆ.

ನಮ್ಮ ಲೈನಿನಲ್ಲಿ ರಂಗೂನಿನಿಂದ ಹಡಗಿನಲ್ಲಿ ಬಂದ ಒಬ್ಬಳು ತಮಿಳು ಅಜ್ಜಿ ಇದ್ದಳು, ಎಲ್ಲರಿಗೂ ಪಾಟಿ. ಮಾರನೆಯ ದಿನ ಹೋಗಿ ಕೇಳಿದೆ. "ನಾನು ಅಡಿಯಲ್ಲೇ ಇದ್ದೆನಮ್ಮಾ, ನಾಲ್ಕು ದಿವಸ ವಾಂತಿ ಮಾಡ್ಕೊಂಡು. ಹೊರಗಡೆ ಅಡಿ ಎಪ್ಪಡಿ ಇರುಕ್ಕುಂ ಅಂತ ನನಗೇನು ತೆರಿಯುಂ?" ಅಂದಳು. ಹಡಗಿನೊಳಗೆ ಕೂತು ಬಂದವಳಿಗೂ ಹಡಗು ಗೊತ್ತಿಲ್ಲ!

ಕೊನೆಗೆ ರಜೆಯ ದಿನ ಹಡಗನ್ನು ನನ್ನ ತವರಿಗೆ ಹೊತ್ತೊಯ್ದು, ದನ ನೀರು ಕುಡಿಯುವ ಕಲ್ಲುತೊಟ್ಟಿಯಲ್ಲಿ ಬಿಟ್ಟೆವು. ಬಿಟ್ಟದ್ದೇ ತಡ, ಮಗ್ಗುಲಾಗಿ ಮಲಗಿಕೊಂಡಿತು. ಮಾವ ತಳವನ್ನು ಚೂಪಾಗಿ ಕೆತ್ತಿದ. ಮತ್ತೆ ಮಲಗಿತು. ನಮ್ಮಪ್ಪ ನಕ್ಕ, ನನಗೆ ಮೈಯೆಲ್ಲ ಉರಿಯಿತು.

ಕೋಪದಲ್ಲೇ ಬಿಂದಿಗೆ ಎತ್ತಿಕೊಂಡು ಬಾವಿಗೆ ಹೋದೆ. ಇಳಿಬಿಟ್ಟ ಬಿಂದಿಗೆ ನೀರಿನ ಮೇಲೆ ಮಗ್ಗುಲಾಯಿತು. ಒಂದಿಷ್ಟು ನೀರು ಒಳಗೆ ಹೋದದ್ದೇ ನೆಟ್ಟಗೆ ನಿಂತಿತು. ಹುಟ್ಟಿದಾಗಿನಿಂದ ನೋಡಿದ್ದೇ, ಆದರೆ ಆವತ್ತು ಹಗ್ಗ ಹಿಡಿದುಕೊಂಡೇ ಕೂಗಿದೆ: "ಮಾವ! ಒಟ್ಟೆಗೆ ಭಾರ ಆಕು ಅದಕ್ಕೆ!"

ಅವನು ಉಳಿ ಎತ್ತಿಕೊಂಡ. ಹಡಗಿನ ಹೊಟ್ಟೆಯಡಿ ಉದ್ದಕ್ಕೂ ತೋಡು ಕೊರೆದು, ಒಂದು ಕಬ್ಬಿಣದ ಪಟ್ಟಿ ಕೂರಿಸಿ, ಮೇಲೆ ಮರ ಮುಚ್ಚಿದ. ತೊಟ್ಟಿಯಲ್ಲಿ ಬಿಟ್ಟರೆ ನೆಟ್ಟಗೆ ನಿಂತಿತು. ಬೇಕೆಂದೇ ತಳ್ಳಿದೆ. ವಾಲಿತು, ಎದ್ದಿತು. ಈ ಸಲ ನಗುವ ಸರದಿ ನನ್ನದು.

ದೊರೆ ಊಟಿಯಿಂದ ಬಂದ ಮೇಲೆ ಹಡಗಿಗೆ ಪಂಚೆ ಹೊದಿಸಿ, ಬುಟ್ಟಿಯಲ್ಲಿಟ್ಟು, ನಾನೇ ತಲೆಯ ಮೇಲೆ ಹೊತ್ತು ಮಾವನ ಜೊತೆ ಬಂಗಲೆಗೆ ನಡೆದೆ. ದೊರೆ ಹಾಯಿಯನ್ನೂ ನೋಡಲಿಲ್ಲ, ಹಗ್ಗವನ್ನೂ ನೋಡಲಿಲ್ಲ. ಮೊದಲು ತಲೆಕೆಳಗು ಮಾಡಿ ತಳ ನೋಡಿದ. ಆಮೇಲೆ ಬಟ್ಲರನ ಕೈಯಲ್ಲಿ ತಗಡಿನ ತೊಟ್ಟಿ ತರಿಸಿ ನೀರು ತುಂಬಿಸಿದ. ತವರಿನ ತೊಟ್ಟಿಯಲ್ಲಿ ತೇಲಿಸಿದ ಮೇಲೆ ಮಾವ ಹಡಗಿಗೆ ಎರಡು ಕೋಟು ವಾರ್ನಿಷ್ ಬಳಿದಿದ್ದ, ಕಂಬದ ತುದಿಗೆ ಹಿತ್ತಾಳೆ ಗುಬಟು ಹಾಕಿದ್ದ. ಮೇಲೆ ಎಷ್ಟು ಭಾರ ಕೂಡಿತೋ ಯಾರಿಗೆ ಗೊತ್ತು?

ಹಡಗು ನೀರಿಗಿಳಿಯಿತು. ವಾಲಿತು. ಇನ್ನೂ ವಾಲಿತು. ಮುಗಿಯಿತು ಅಂದುಕೊಂಡು ಕಣ್ಣು ಮುಚ್ಚಿದೆ. ತೆರೆದಾಗ ನೆಟ್ಟಗೆ ನಿಂತಿತ್ತು, ದೊರೆ ಮಂಡಿಯೂರಿ ಕೂತು ನೋಡುತ್ತಿದ್ದ. ಪಟದಲ್ಲಿ ಇಲ್ಲದ್ದು ನಿನಗೆ ಹೇಗೆ ತಿಳಿಯಿತು ಅಂತ ಬಟ್ಲರನಿಂದ ಕೇಳಿಸಿದ. ಮಾವ ನನ್ನ ಕಡೆ ಕೈ ತೋರಿಸಿದ. "ಇವ್ಳು ಬಾವೀಲಿ ನೀರು ಸೇದ್ತಾಳೆ ದೊರೆ" ಅಂದ, ಅಷ್ಟೇ.

ಸೋಮವಾರದಿಂದ ಶಾಪಿಗೆ ಬಾ ಅಂತ ಹೇಳಿಸಿಕೊಂಡು ಹೊರಬಿದ್ದೆವು. ದಾರಿಯಲ್ಲಿ ಮಾವ, "ಮೇಲಿನ ಕೆಲಸಕ್ಕೆ ಸಂಬಳ ಕಮ್ಮಿ ಕಣೇ" ಅಂದ.

"ಕಮ್ಮಿ ಆದ್ರೆ ಕಮ್ಮೀನೇ ಉಣ್ಣಾನ ಮಾವ. ಉಣ್ಣಾಕೆ ನೀನಿರ್ತೀಯಲ್ಲ" ಅಂದೆ. ಅಷ್ಟು ದಿನ ಬೈಗುಳದಲ್ಲಿ ಮುಚ್ಚಿಟ್ಟದ್ದು ಬಾಯಿಂದ ಹೊರಬಂದೇಬಿಟ್ಟಿತು.

ಅವನು ನನ್ನ ತಲೆಯ ಮೇಲಿನ ಖಾಲಿ ಬುಟ್ಟಿ ಇಳಿಸಿ ತಾನೇ ಹೊತ್ತುಕೊಂಡ. ಗಂಡಸು ಬುಟ್ಟಿ ಹೊತ್ತು ಬರುವುದನ್ನು ನೋಡಿ ಲೈನಿನವರು ನಗುತ್ತಾರೆ ಅಂತ ಗೊತ್ತಿದ್ದರೂ ನಾನು ಬೇಡ ಅನ್ನಲಿಲ್ಲ.