ಕ್ಲೀನ್ ಮಾಡಿದ ಮುಖಗಳು

ಗಲ್ಫಿನಲ್ಲಿ, ಮಾಹೂಝ್‌ನ ನಮ್ಮ ಸ್ಟುಡಿಯೋದಲ್ಲಿ ‘ಕ್ಲೀನ್’ ಎಂದರೆ ಒಂದೇ ಅರ್ಥ. ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು, ಗಾಯದ ಗುರುತು, ಮುಖದ ಮೇಲೆ ಏನಿದೆಯೋ ಅದನ್ನೆಲ್ಲ ಕಂಪ್ಯೂಟರಿನಲ್ಲಿ ಒರೆಸಿ ಹಾಕುವುದು. ಸಂಬಂಧ ಕುದುರಿಸಲು ಊರಿಗೆ ಫೋಟೋ ಕಳಿಸುವವರೇ ನಮ್ಮ ಗಿರಾಕಿಗಳು. ಕಾಸರಗೋಡಿನ ಬ್ಯಾರಿ ಮಾಲೀಕರು ಕವರಿನ ಮೇಲೆ ಆ ಒಂದು ಪದ ಬರೆದು ನನ್ನ ಮೇಜಿಗೆ ತಳ್ಳಿದರೆ ಆಯಿತು, ಉಳಿದದ್ದು ನನ್ನ ಕೈಚಳಕ. ಆ ಕೆಲಸದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ಗಂಡ ಅದ್ಲಿಯಾದ ಒಂದು ಹೋಟೆಲಿನಲ್ಲಿ ಅಡುಗೆಯವರು. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಈಸ್ಟರ್ ಕಳೆದ ವಾರ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿ ಇವರ ಬಲಗೆನ್ನೆ, ಕಿವಿ, ಕುತ್ತಿಗೆ ಸುಟ್ಟಿತು. ಆಸ್ಪತ್ರೆಯಿಂದ ಬಂದಾಗ ಆ ಕಡೆಯ ಚರ್ಮ ಎಳೆದುಕೊಂಡು ಬಾಯಿಯ ಒಂದು ತುದಿ ಮೇಲಕ್ಕೆ ಹೋಗಿತ್ತು. ನಾನು ಅಳಲಿಲ್ಲ. ಗಂಜಿ ಕೊಟ್ಟೆ, ಮುಲಾಮು ಹಚ್ಚಿದೆ, ಕೆಲಸಕ್ಕೆ ಓಡಿದೆ. ಇಗರ್ಜಿಯಲ್ಲಿ ಸಿಕ್ಕವರು ಎಂಥ ಗಟ್ಟಿ ಹೆಂಗಸು ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳಿಸುವಾಗ ಇಂಜೆಕ್ಷನ್ ಚುಚ್ಚಿದ ದವಡೆಯ ಹಾಗೆ ನನಗೆ ಒಳಗೆಲ್ಲ ಜೋಮು ಹಿಡಿದಿತ್ತು, ಅಷ್ಟೆ.

ಎಂಟು ವರ್ಷದ ಮಗಳು ಊರಿನಲ್ಲಿ ನನ್ನ ಅಮ್ಮನ ಹತ್ತಿರ ಇದ್ದಳು. ಕ್ರಿಸ್ಮಸ್‌ಗೆ ನಾವಿಬ್ಬರೂ ಹೋಗುವವರಿದ್ದೆವು. ಪಪ್ಪನಿಗೆ ಸ್ವಲ್ಪ ಸುಟ್ಟಿದೆ ಎಂದಷ್ಟೇ ಅವಳಿಗೆ ಗೊತ್ತು. ಏರ್‌ಪೋರ್ಟಿನಲ್ಲಿ ಮಗು ತನ್ನನ್ನು ನೋಡಿ ಹೆದರಿ ಅಜ್ಜಿಯ ಹಿಂದೆ ಅಡಗಿಕೊಂಡರೆ ಏನು ಮಾಡುವುದು, ಇವರಿಗೆ ಅದೊಂದೇ ಚಿಂತೆ. ಸುಟ್ಟ ನೋವಿನ ಬಗ್ಗೆ ಒಂದು ದಿನವೂ ಹೇಳಿದವರಲ್ಲ.

“ಮೊದಲೇ ಒಂದು ಫೋಟೋ ಕಳಿಸುವ ಮಾರಾಯ್ತಿ,” ಎಂದರು ಒಂದು ಶುಕ್ರವಾರ. “ಹೆದರುವುದಿದ್ರೆ ಅಲ್ಲೇ ಹೆದರಿ ಮುಗಿಸ್ಲಿ.”

ಫ್ಲ್ಯಾಟಿನಲ್ಲೇ ಕೂರಿಸಿ ತೆಗೆದೆ. ಮರುದಿನ ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ಹಾಕಿದಾಗ ಕೈ ತಾನಾಗಿಯೇ ಮೌಸಿಗೆ ಹೋಯಿತು. ಎಡಗೆನ್ನೆಯನ್ನು ಮಗುಚಿ ಬಲಕ್ಕೆ ಕೂರಿಸಿದೆ, ಕಿವಿಯನ್ನೂ ಹಾಗೆಯೇ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಊರಿಗೆ ಹೊರಟಿದ್ದ ಪಕ್ಕದ ಫ್ಲ್ಯಾಟಿನವರ ಕೈಯಲ್ಲಿ ಕಳಿಸಿಯೂ ಬಿಟ್ಟೆ. ಪಪ್ಪ ಚಂದ ಇದ್ದಾರೆ ಎಂದು ಮಗಳು ಫೋನ್ ಮಾಡಿದ ದಿನ ಇವರು ಅಪಘಾತದ ನಂತರ ಮೊದಲ ಬಾರಿಗೆ ಎರಡನೇ ಸಲ ಅನ್ನ ಹಾಕಿಸಿಕೊಂಡರು. ನಾನು ಸಾರು ಬಡಿಸಿದೆ, ಬಾಯಿ ಬಿಡಲಿಲ್ಲ.

ಅಕ್ಟೋಬರಿನಲ್ಲಿ ಒಬ್ಬ ಇಂಗ್ಲಿಷ್ ಅಜ್ಜಿ ಒಂದು ಹಳೆಯ ಆಲ್ಬಮ್ ತಂದುಕೊಟ್ಟರು. ಜುಫೈರ್‌ನಲ್ಲಿ ಮಗನ ಮನೆಯಲ್ಲಿ ಇದ್ದವರು. ನಾನು ಆ ಹೊತ್ತಿಗೆ ಊಟಕ್ಕೆ ಹೋಗಿದ್ದೆ. ಮಾಲೀಕರು ವಾಡಿಕೆಯಂತೆ ಮೇಲೆ ‘ಕ್ಲೀನ್’ ಎಂದು ಬರೆದಿಟ್ಟಿದ್ದರು. ತೆರೆದರೆ ಮೊದಲ ಮಹಾಯುದ್ಧದ ಕಾಲದ ಏಳು ಮಂದಿ ಸೈನಿಕರು, ಎಲ್ಲರಿಗೂ ಆಸ್ಪತ್ರೆಯ ಒಂದೇ ಥರದ ಸಡಿಲ ಕೋಟು. ಒಬ್ಬನ ದವಡೆ ಒಳಗೆ ಕುಸಿದಿತ್ತು, ಒಬ್ಬನಿಗೆ ಹಣೆಯಿಂದ ಮೂಗಿನವರೆಗೆ ಹೊಲಿಗೆ, ಒಬ್ಬನಿಗೆ ಒಂದು ಕಣ್ಣೇ ಇಲ್ಲ. ನನಗೆ ಏನೂ ಅನ್ನಿಸಲಿಲ್ಲ. ಸ್ಕ್ಯಾನ್ ಮಾಡಿಕೊಂಡು ನಾಲ್ಕು ದಿನದಲ್ಲಿ ಏಳೂ ಮುಖಗಳನ್ನು ಮದುಮಗನ ಮುಖ ಮಾಡಿಟ್ಟೆ. ಕಣ್ಣಿಲ್ಲದವನಿಗೆ ಕಣ್ಣು ಕೊಟ್ಟೆ.

ಅಜ್ಜಿ ಪ್ರಿಂಟುಗಳನ್ನು ಒಂದೊಂದಾಗಿ ನೋಡಿದರು. ರೇಗಲಿಲ್ಲ. ಕೊನೆಯದರ ಮೇಲೆ ಬೆರಳಿಟ್ಟು, “ಇವರು ನನ್ನ ಅಪ್ಪ. ಇವರಿಗೆ ಒಂದೇ ಕಣ್ಣಿದ್ದದ್ದು,” ಎಂದರು.

ಅವರು ಕ್ಲೀನ್ ಮಾಡಿ ಎಂದದ್ದು ಕಾಗದಕ್ಕೆ ಹಿಡಿದ ಬೂಷ್ಟನ್ನು. ಮಾಲೀಕರು ಬೆವರು ಒರೆಸಿಕೊಳ್ಳುತ್ತ ಕ್ಷಮೆ ಕೇಳಿದರು. ಅಜ್ಜಿ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದು ಕೂತು ವಿಷಯ ಹೇಳಿದರು. ಅವರ ತಾಯಿ ಆಗ ಇಪ್ಪತ್ತರ ಹುಡುಗಿ. ಒಂದು ದೊಡ್ಡ ಮನೆಯಲ್ಲಿ ಊರಿನ ಹೆಂಗಸರೇ ಸಂಬಳವಿಲ್ಲದೆ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ಗಾಯ ತೊಳೆಯುತ್ತಿದ್ದಳು, ಬಿಡುವಾದಾಗ ಫೋಟೋ ತೆಗೆಯುತ್ತಿದ್ದಳು. ಯಾವ ಕಡೆ ತಿರುಗಿ ಕೂರುತ್ತೀರಿ ಎಂದು ಪ್ರತಿಯೊಬ್ಬನನ್ನೂ ಕೇಳುತ್ತಿದ್ದಳಂತೆ. ಹೆಚ್ಚಿನವರು ಗಾಯದ ಕಡೆಯನ್ನೇ ತೋರಿಸುತ್ತಿದ್ದರಂತೆ. ಆ ಫೋಟೋ ಅವನಿಗಿಂತ ಮೊದಲು ಅವನ ಮನೆಗೆ ಹೋಗುತ್ತಿತ್ತು. ಬಾಗಿಲು ತೆರೆಯುವವರು ಅಷ್ಟರಲ್ಲಿ ಹೆದರಿ ಮುಗಿಸಿರಲಿ ಎಂದು.

ನನ್ನ ಗಂಡನ ಮಾತನ್ನೇ ಇಂಗ್ಲಿಷಿನಲ್ಲಿ ಕೇಳಿದಂತಾಯಿತು.

ಪುಣ್ಯಕ್ಕೆ ಆಲ್ಬಮ್‌ಗೆ ಏನೂ ಆಗಿರಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿ ಕೂತೆ. ಗಾಯದ ಮೇಲೆಯೇ ಬೂಷ್ಟು ಕೂತ ಕಡೆ ಯಾವುದು ಗಾಯ, ಯಾವುದು ಬೂಷ್ಟು ಎಂದು ನೋಡಿ ನೋಡಿ ಬಿಡಿಸಬೇಕು. ಎರಡು ವಾರ ಹಿಡಿಯಿತು. ಅಷ್ಟು ದಿನ ಅಪರಿಚಿತರ ಗಾಯಗಳನ್ನು ಕಣ್ಣಿಟ್ಟು ನೋಡಿದವಳಿಗೆ, ಮನೆಯಲ್ಲಿ ಮುಲಾಮು ಹಚ್ಚುವಾಗ ತಾನು ಗೋಡೆಯ ಕಡೆ ನೋಡುತ್ತಿದ್ದೇನೆ ಎಂಬುದು ಗೊತ್ತಾಯಿತು.

ಇವರಿಗೆ ಹೇಳಿಬಿಟ್ಟೆ. ಬಯ್ಯುತ್ತಾರೆ ಅಂದುಕೊಂಡಿದ್ದೆ, ಬಯ್ದಿದ್ದರೆ ಒಳ್ಳೆಯದಿತ್ತು. “ಹಾಗಾದ್ರೆ ಮಗು ಚಂದ ಅಂದದ್ದು ಅದಕ್ಕಾ?” ಎಂದರು.

ಮುಂದಿನ ಶುಕ್ರವಾರ ಮಾಲೀಕರಿಂದ ಕೀಲಿ ತಂದು ಸ್ಟುಡಿಯೋ ತೆರೆದೆ. ಯಾವ ಕಡೆ ತಿರುಗುತ್ತೀರಿ ಎಂದು ಕೇಳಿದೆ. ಇವರು ಬಲಗೆನ್ನೆಯನ್ನು ದೀಪಕ್ಕೆ ಕೊಟ್ಟು ಕೂತರು. ಆ ಫೋಟೋಕ್ಕೆ ನಾನು ಏನೂ ಮಾಡಲಿಲ್ಲ. ಹಾಗೆಯೇ ಪ್ರಿಂಟ್ ಹಾಕಿ ಕಳಿಸಿದೆ.

ಹತ್ತು ದಿನದ ನಂತರ ಫೋನ್ ಬಂತು. ಇವರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಫೋಟೋ ನೋಡಿ ಅಜ್ಜಿ ಅತ್ತಳು ಎಂದಳು ಮಗಳು. ತನಗೂ ಮೊದಲ ದಿನ ಹೆದರಿಕೆಯಾಯಿತಂತೆ, ಈಗ ಇಲ್ಲವಂತೆ, ಫೋಟೋವನ್ನು ಶಾಲೆಯ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳಂತೆ. ಇವರು ಟವೆಲಿನಲ್ಲಿ ಮುಖ ಒತ್ತಿಕೊಂಡರು.

“ಮಮ್ಮಿ, ಮೊದಲು ಬಂದದ್ದು ಯಾರ ಫೋಟೋ?”

“ಅದು ನಾನು ಮಾಡಿದ್ದು ಮಗಾ.”

“ಯಾರಿಗೆ?”

ನಿನಗೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ಇವರು ಟವೆಲ್ ಇಳಿಸಿ ನನ್ನನ್ನೇ ನೋಡುತ್ತಿದ್ದರು. ಆ ಕೆನ್ನೆಯನ್ನು ನೋಡುತ್ತಲೇ, ನನಗೆ ಎಂದೆ. ಹೇಳಿದ ಮೇಲೆ ಅಳು ಬಂತು, ಈಸ್ಟರ್ ಕಳೆದ ಮೇಲೆ ಮೊದಲ ಸಲ.